ಮಿಲ್ಟನ್ ಚಂಡಮಾರುತ ಒಂದೇ ರಾತ್ರಿಯಲ್ಲಿ ಕೆಟಗರಿ 1ರಿಂದ 5ಕ್ಕೆ ಏರಿದ್ದು ಹೇಗೆ? 3ಕ್ಕೆ ಇಳಿದ ಮೇಲೂ ಅಷ್ಟು ಹಾನಿ ಯಾಕೆ?

ಟ್ಯಾಂಪಾ_ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಈಗ ಫ್ಲಾರಿಡಾದ ಟ್ಯಾಂಪಾದಲ್ಲಿ ಇದ್ದೇನೆ. ಇಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ, ಅಂದರೆ ಚಂಡಮಾರುತದ ಕಾಲ. 2024ರ ಅಕ್ಟೋಬರಿನಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಸೆಪ್ಟೆಂಬರ್ 26ರಂದು ಹೆಲೀನ್ ಅನ್ನುವ ಹರಿಕೇನ್ ಬಂತು. ಅದು ನಮ್ಮೂರಿಗೆ ಬಡಿಯಲೇ ಇಲ್ಲ. ದೂರದಲ್ಲಿ, ಕಡಲಲ್ಲೇ ಹಾದು ಉತ್ತರಕ್ಕೆ ಹೋಯಿತು. ಆದರೂ ಕೊಲ್ಲಿಯ ನೀರು ಉಕ್ಕಿ ನಮ್ಮ ಮನೆಯೊಳಗೆ ಮೊಣಕಾಲಿನವರೆಗೆ ನಿಂತಿತ್ತು. ಸೋಫಾ, ಹಾಸಿಗೆ, ಮಗಳ ಪುಸ್ತಕದ ಕಪಾಟು ಎಲ್ಲವನ್ನೂ ರಸ್ತೆ ಬದಿಗೆ ಹಾಕಿದೆವು. ಇಡೀ ಬೀದಿಯಲ್ಲಿ ಅದೇ ರಾಶಿ, ಅದೇ ಕೊಳೆತ ವಾಸನೆ. ಆ ರಾಶಿ ಎತ್ತುವ ಮೊದಲೇ ಮಿಲ್ಟನ್ ಸುದ್ದಿ ಬಂತು.

ಗಾಳಿಯ ಜೋರನ್ನು ಇಲ್ಲಿ 1ರಿಂದ 5ರವರೆಗಿನ ಕೆಟಗರಿಯಲ್ಲಿ ಹೇಳುತ್ತಾರೆ. ಅಕ್ಟೋಬರ್ 6ರ ರಾತ್ರಿ ಮಲಗುವಾಗ ಅದು ಕೆಟಗರಿ 1. 7ರ ಮಧ್ಯಾಹ್ನ ಊಟದ ಹೊತ್ತಿಗೆ ಕೆಟಗರಿ 5! ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಹೊರಟೆವು. 9ರಂದು ಕರಾವಳಿಗೆ ಬರುವಷ್ಟರಲ್ಲಿ 3ಕ್ಕೆ ಇಳಿದಿತ್ತು. ಮೈಸೂರಿಂದ ಅಮ್ಮ ಫೋನ್ ಮಾಡಿ, "ಇಳೀತಂತಲ್ಲ, ಇನ್ನು ಭಯ ಇಲ್ಲ ಬಿಡು" ಅಂದರು. ನನಗೂ ಹಾಗೇ ಅನಿಸಿತು. ಆದರೆ ಆಮೇಲೆ ಆದ ಹಾನಿ ನಿಮಗೆಲ್ಲ ಗೊತ್ತು.

ನನ್ನ ಪ್ರಶ್ನೆ ಎರಡು. ಒಂದು ರಾತ್ರಿಯಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ? ಇಳಿಯಿತು ಅಂದಮೇಲೆ ನಿಜಕ್ಕೂ ಇಳಿದದ್ದು ಏನು?

ಮಂಡ್ಯ_ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕಣಮ್ಮ. ನಾನು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಹವಾಮಾನದಲ್ಲಿ ಪರಿಣತ ಅಲ್ಲ, ಆದರೆ ಬುಡದಲ್ಲಿರುವ ಲೆಕ್ಕ ಗೊತ್ತು. ಅದನ್ನು ಹೇಳುತ್ತೇನೆ.

ಶಕ್ತಿ ಬರುವುದು ಆವಿಯಿಂದ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಕೈಗೆ ತಾಗಿದರೆ ಎಷ್ಟು ಸುಡುತ್ತದೆ ಅಲ್ವಾ? ಕುದಿಯುವ ನೀರಿನ ಹನಿ ಬಿದ್ದರೂ ಅಷ್ಟು ಸುಡುವುದಿಲ್ಲ. ಯಾಕೆಂದರೆ ಹಬೆ ನಿಮ್ಮ ಚರ್ಮದ ಮೇಲೆ ನೀರಾಗುವಾಗ, ತಾನು ಆವಿಯಾಗಲು ತೆಗೆದುಕೊಂಡಿದ್ದ ಶಾಖವನ್ನೆಲ್ಲ ಅಲ್ಲೇ ಬಿಟ್ಟುಬಿಡುತ್ತದೆ. ಇದರದ್ದೇ ಇನ್ನೊಂದು ಮುಖ ಮಣ್ಣಿನ ಹೂಜಿ. ಹೊರಗೆ ಜಿನುಗಿದ ನೀರು ಆರುವಾಗ ಹೂಜಿಯ ಶಾಖ ಎಳೆದುಕೊಂಡು ಹೋಗುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ.

ಕಡಲು ದೊಡ್ಡ ಹೂಜಿ ಅಂದುಕೊಳ್ಳಿ. ಬೆಚ್ಚಗಿನ ಕಡಲಿನ ನೀರು ಆವಿಯಾಗಿ ಮೇಲೇರುತ್ತದೆ, ಜೊತೆಗೆ ಕಡಲಿನ ಶಾಖವನ್ನೂ ಹೊತ್ತೊಯ್ಯುತ್ತದೆ. ಮೇಲೆ ಹೋಗಿ ಮೋಡವಾಗಿ ಹನಿಗಟ್ಟುವಾಗ ಆ ಶಾಖ ಗಾಳಿಗೆ ಸಿಗುತ್ತದೆ. ಒಂದು ಕಿಲೋ ಆವಿ ನೀರಾದರೆ ಸುಮಾರು 25 ಲಕ್ಷ ಜೂಲ್. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ. ಕೆಳಗೆ ವಾಯುಭಾರ ಕುಸಿಯುತ್ತದೆ. ಸುತ್ತಲ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ನುಗ್ಗುವಾಗ ಕಡಲ ಮೇಲೆ ಉಜ್ಜಿಕೊಂಡು ಮತ್ತಷ್ಟು ಆವಿ ಎತ್ತಿಕೊಂಡು ಬರುತ್ತದೆ. ಗಾಳಿ ಜೋರಾದಷ್ಟು ಆವಿ ಜಾಸ್ತಿ, ಆವಿ ಜಾಸ್ತಿಯಾದಷ್ಟು ಗಾಳಿ ಜೋರು. ತನ್ನ ಒಲೆಗೆ ತಾನೇ ಸೌದೆ ಹಾಕಿಕೊಳ್ಳುವ ವ್ಯವಸ್ಥೆ ಇದು.

ಗಾಳಿ ನೇರ ನುಗ್ಗದೆ ಸುತ್ತುವುದು ಭೂಮಿ ತಿರುಗುವುದರಿಂದ. ಉತ್ತರಾರ್ಧದಲ್ಲಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಸಮಭಾಜಕದ ಹತ್ತಿರ ಆ ತಿರುಗಿಸುವ ಬಲ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಸಾಮಾನ್ಯವಾಗಿ 5 ಡಿಗ್ರಿ ಅಕ್ಷಾಂಶದ ಆಚೆಗೇ ಇವು ಹುಟ್ಟುವುದು.

ಶಿರಸಿ_ಪಿಯು_ಹುಡುಗಿ

ಸಾರ್, ಎಲ್ಲ ಕಡೆಯಿಂದ ಗಾಳಿ ನಡುವಿಗೇ ನುಗ್ಗಿದರೆ ಚಂಡಮಾರುತದ ಕಣ್ಣು, ಅಂದರೆ ಆ ನಡುವಿನ ಜಾಗ, ಹೇಗೆ ಖಾಲಿ ಇರುತ್ತದೆ? ಫೋಟೋದಲ್ಲಿ ನೋಡಿದರೆ ಅಲ್ಲಿ ಬಿಸಿಲೇ ಕಾಣುತ್ತದೆ.

ಮಂಡ್ಯ_ಮೇಷ್ಟ್ರು

ಮಗೂ, ಒಂದು ಬಿದಿರಿನ ಕೊಳವೆ ತಗೋ. ಒಳಗೆ ದಾರ ಹಾಯಿಸು, ಮೇಲಿನ ತುದಿಗೆ ಚಿಕ್ಕ ಕಲ್ಲು ಕಟ್ಟು. ಕೊಳವೆ ಹಿಡಿದು ಕಲ್ಲನ್ನು ತಿರುಗಿಸು. ಈಗ ಕೆಳಗಿನಿಂದ ದಾರ ಎಳೆ. ಕಲ್ಲು ಒಳಕ್ಕೆ ಬಂದಂತೆಲ್ಲ ರೊಯ್ಯನೆ ಜೋರಾಗಿ ತಿರುಗುತ್ತದೆ. ಎಳೆಯುವುದೂ ಕಷ್ಟವಾಗುತ್ತಾ ಹೋಗುತ್ತದೆ, ನೋಡು ಬೇಕಾದರೆ. ಗಾಳಿಯದ್ದೂ ಅದೇ ಕಥೆ. ನಡುವಿನ ಹತ್ತಿರ ಬಂದಾಗ ಅದರ ಸುತ್ತು ಎಷ್ಟು ಜೋರಾಗಿರುತ್ತದೆ ಅಂದರೆ ಇನ್ನೂ ಒಳಗೆ ಹೋಗಲು ಆಗುವುದಿಲ್ಲ. ಅಲ್ಲೇ ಮೇಲಕ್ಕೆ ಏರುತ್ತದೆ. ಆ ಉಂಗುರವೇ ಕಣ್ಣಿನ ಗೋಡೆ. ಅತಿ ಜೋರು ಗಾಳಿ ಇರುವುದು ಅಲ್ಲೇ. ಮೇಲೇರಿದ್ದರಲ್ಲಿ ಸ್ವಲ್ಪ ಗಾಳಿ ಗೋಡೆಯ ಒಳಬದಿಯಲ್ಲಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ. ಮೋಡ ಕರಗುತ್ತದೆ. ಅದಕ್ಕೇ ಬಿಸಿಲು.

ಹ್ಯೂಸ್ಟನ್_ಹಾಸನ

ಮೇಷ್ಟ್ರು ಚೆನ್ನಾಗಿ ಹೇಳಿದರು. ನಾನು ವಾತಾವರಣ ವಿಜ್ಞಾನ ಓದಿದವನು, ಮಿಲ್ಟನ್ ಏರಿದ ದಿನ ಉಪಗ್ರಹದ ಚಿತ್ರ ಬಿಟ್ಟು ಕದಲಿರಲಿಲ್ಲ. ಆ ಭಾಗ ನಾನು ಹೇಳುತ್ತೇನೆ ಅಕ್ಕ.

24 ಗಂಟೆಯಲ್ಲಿ ಗಾಳಿಯ ವೇಗ ಗಂಟೆಗೆ 55 ಕಿ.ಮೀ.ನಷ್ಟು ಏರಿದರೆ ಅದನ್ನು 'ಕ್ಷಿಪ್ರ ಏರಿಕೆ' ಅಂತಾರೆ. ಮಿಲ್ಟನ್ ಏರಿದ್ದು ಸುಮಾರು 150 ಕಿ.ಮೀ. 7ರ ಸಂಜೆ ಗಾಳಿ ಗಂಟೆಗೆ 290 ಕಿ.ಮೀ. ತಲುಪಿತ್ತು. ನಡುವಿನ ವಾಯುಭಾರ 900 ಮಿಲಿಬಾರಿಗಿಂತ ಕೆಳಗೆ. ಕಡಲ ಮಟ್ಟದಲ್ಲಿ ಮಾಮೂಲಿ ವಾಯುಭಾರ 1013ರ ಆಸುಪಾಸು. ಅಂದರೆ ಆ ಜಾಗದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಗಾಳಿಯ ಭಾರವೇ ಇರಲಿಲ್ಲ.

ಇದಕ್ಕೆ ನಾಲ್ಕು ವಿಷಯ ಒಟ್ಟಿಗೆ ಕೂಡಿಬಂದವು. ಗಲ್ಫ್ ಆಫ್ ಮೆಕ್ಸಿಕೋದ ನೀರು ಅಕ್ಟೋಬರಿನಲ್ಲೂ 30 ಡಿಗ್ರಿ ಇತ್ತು. ಹರಿಕೇನಿಗೆ ಬೇಕಾದದ್ದು 26.5 ಡಿಗ್ರಿ ಅಷ್ಟೆ. ಗಾಳಿಯಲ್ಲಿ ತೇವ ಸಾಕಷ್ಟಿತ್ತು. ಮೇಲ್ಗಾಳಿಯ ಕಾಟ, ಅಂದರೆ ಎತ್ತರದಲ್ಲಿ ಬೇರೆ ದಿಕ್ಕಿಗೆ ಬೀಸುವ ಗಾಳಿಯ ಕಾಟ, ಆ ದಿನ ಕಡಿಮೆ ಇತ್ತು. ನಾಲ್ಕನೆಯದು ಮಿಲ್ಟನ್ ಗಾತ್ರ. ಅದು ತುಂಬ ಚಿಕ್ಕ, ಬಿಗಿಯಾದ ಚಂಡಮಾರುತ. ಕಣ್ಣು ಬರೀ 6 ಕಿ.ಮೀ. ಅಗಲಕ್ಕೆ ಬಂದಿತ್ತು! ಮೇಷ್ಟ್ರ ಕಲ್ಲು-ದಾರ ನೆನಪಿಸಿಕೊಳ್ಳಿ. ದಾರ ಅಷ್ಟು ಗಿಡ್ಡ ಆಗಿತ್ತು. ಇಂಥ ಚಿಕ್ಕವು ಏರುವುದೂ ಬೇಗ, ಇಳಿಯುವುದೂ ಬೇಗ.

ಬೆಂಗಳೂರು_ಬೈಕ್

ಅಂದರೆ ಕಡಲು ಬಿಸಿ ಆದರೆ ಸಾಕು, ಚಂಡಮಾರುತ ಗ್ಯಾರಂಟಿ ಅಂತಾಯ್ತು.

ಹ್ಯೂಸ್ಟನ್_ಹಾಸನ

ಇಲ್ಲ ಇಲ್ಲ. ಈ ಮಾತು ಎಲ್ಲ ಕಡೆ ಕೇಳುತ್ತದೆ, ಆದರೆ ಪೂರ್ತಿ ಸರಿಯಲ್ಲ. ಬಿಸಿ ಕಡಲು ಬೇಕೇ ಬೇಕು, ಅದೊಂದೇ ಸಾಲದು.

ಮೊದಲನೆಯದಾಗಿ ಬೀಜ ಬೇಕು. ಅಂದರೆ ಮೊದಲೇ ಸ್ವಲ್ಪ ಸುತ್ತುತ್ತಿರುವ ಮಳೆಮೋಡಗಳ ಗುಂಪು. ಅಟ್ಲಾಂಟಿಕ್‌ನಲ್ಲಿ ದೊಡ್ಡ ಹರಿಕೇನುಗಳಲ್ಲಿ ಬಹುಪಾಲು ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಹೊರಡುವ ಗಾಳಿಯ ಅಲೆಗಳಿಂದಲೇ ಹುಟ್ಟುತ್ತವೆ. ಬೇಸಿಗೆ ಪೂರ್ತಿ ಮೂರು ನಾಲ್ಕು ದಿನಕ್ಕೊಂದು ಅಲೆ ಹೊರಡುತ್ತಲೇ ಇರುತ್ತದೆ, ಆದರೆ ಹೆಚ್ಚಿನವು ಸುಮ್ನೆ ಕರಗಿಹೋಗುತ್ತವೆ. ಎಷ್ಟೋ ಸಲ ಸಹಾರಾದ ಒಣ ಗಾಳಿ, ಧೂಳು ಬಂದು ಅವುಗಳನ್ನು ಅಲ್ಲೇ ಒಣಗಿಸಿಬಿಡುತ್ತದೆ. ಮಿಲ್ಟನ್ ಮಾತ್ರ ಅಷ್ಟು ದೂರದಿಂದ ಬರಲಿಲ್ಲ. ಗಲ್ಫ್‌ನ ನೈಋತ್ಯ ಮೂಲೆಯಲ್ಲೇ ಹುಟ್ಟಿ ಪೂರ್ವಕ್ಕೆ ಹೊರಟಿತು. ಅಲ್ಲಿ ಆ ದಿಕ್ಕು ಅಪರೂಪ.

ಎರಡನೆಯದು ಬಿಸಿ ನೀರಿನ ಆಳ. ಮೇಲಿನ ಪದರ ಮಾತ್ರ ಬೆಚ್ಚಗಿದ್ದರೆ ಚಂಡಮಾರುತವೇ ಕಡಲನ್ನು ಕಡೆದು ತಳದ ತಣ್ಣೀರನ್ನು ಮೇಲೆ ತರುತ್ತದೆ. ಹಾಗೆ ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಒಂದೇ ಕಡೆ ನಿಂತುಬಿಡುವ ಚಂಡಮಾರುತಗಳು ಸೊರಗುವುದು ಹೀಗೇ. ಕೆರಿಬಿಯನ್ ಕಡೆಯಿಂದ ಗಲ್ಫ್‌ಗೆ ಬರುವ ಲೂಪ್ ಕರೆಂಟ್ ಅನ್ನುವ ಪ್ರವಾಹದಲ್ಲಿ ಬಿಸಿ ನೀರು ನೂರು ಮೀಟರಿಗೂ ಆಳಕ್ಕಿರುತ್ತದೆ. ಅಲ್ಲಿ ಎಷ್ಟು ಕಡೆದರೂ ಬೆಚ್ಚಗಿನ ನೀರೇ ಮೇಲೆ ಬರುವುದು. 2005ರಲ್ಲಿ ಕತ್ರೀನಾ ಅನ್ನುವ ಹರಿಕೇನ್ ಉಬ್ಬಿದ್ದು ಅಲ್ಲೇ.

ಮೂರನೆಯದು ಮೇಲ್ಗಾಳಿ. ಕಡಲ ಮಟ್ಟದ ಗಾಳಿಯೂ ಹತ್ತು ಹನ್ನೆರಡು ಕಿ.ಮೀ. ಮೇಲಿನ ಗಾಳಿಯೂ ಬೇರೆ ಬೇರೆ ದಿಕ್ಕಿಗೆ, ಬೇರೆ ಬೇರೆ ವೇಗದಲ್ಲಿ ಬೀಸಿದರೆ ಚಂಡಮಾರುತ ಓರೆಯಾಗುತ್ತದೆ. ತೇರು ಎಳೆಯುವಾಗ ಗಾಲಿ ಒಂದು ಕಡೆ ಹೋಗಿ ಕಳಶ ಇನ್ನೊಂದು ಕಡೆ ವಾಲಿದರೆ ಏನಾಗುತ್ತದೆ? ಹಾಗೆ. ಒಣ ಗಾಳಿಯೂ ಆ ಸಂದಿಯಿಂದ ಒಳಗೆ ನುಗ್ಗುತ್ತದೆ.

ಮಲ್ಪೆ_ಬೋಟ್

ಮಾರಾಯ್ರೆ, ಈ ಮೇಲ್ಗಾಳಿ ವಿಷಯ ಓದಿ ನನಗೊಂದು ಹೊಳೆಯಿತು. ನಮ್ಮ ಕಡೆ ತೂಫಾನು ಬರುವುದು ಮೇ ತಿಂಗಳಲ್ಲಿ, ಹೆಚ್ಚೆಂದರೆ ಜೂನ್ ಶುರುವಿನಲ್ಲಿ. ಇಲ್ಲದಿದ್ದರೆ ಅಕ್ಟೋಬರ್, ನವೆಂಬರ್. ಜುಲೈ ಆಗಸ್ಟಿನಲ್ಲಿ ಕಡಲು ಹುಚ್ಚೆದ್ದಿರುತ್ತದೆ, ಆದರೆ ಸುತ್ತುವ ತೂಫಾನು ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಹ್ಯೂಸ್ಟನ್_ಹಾಸನ

ಅದೇ ಕಾರಣ ಅಣ್ಣ! ಮಳೆಗಾಲದಲ್ಲಿ ಅರಬ್ಬೀ ಕಡಲಿನ ಮೇಲೆ ಕೆಳಗೆ ನೈಋತ್ಯದಿಂದ ಜೋರು ಗಾಳಿ, ಮೇಲೆ ಪೂರ್ವದಿಂದ ಅಷ್ಟೇ ಜೋರು ಗಾಳಿ. ತೇರು ನಿಲ್ಲಲು ಬಿಡುವುದೇ ಇಲ್ಲ. ಮುಂಗಾರಿಗೆ ಮುಂಚೆ ಮತ್ತು ಅದು ಹಿಂದೆ ಸರಿದ ಮೇಲೆ ಮೇಲ್ಗಾಳಿ ತಗ್ಗುತ್ತದೆ. ಆಗ ದಾರಿ ಸಿಗುತ್ತದೆ.

ಮಲ್ಪೆ_ಬೋಟ್

2021ರ ಮೇನಲ್ಲಿ ತೌಕ್ತೆ ಹೋದದ್ದು ನಮ್ಮೆದುರೇ. 15, 16ನೇ ತಾರೀಕು. ಅದು ನಮ್ಮ ಕರಾವಳಿಗೆ ಬಡಿಯಲಿಲ್ಲ, ಕಡಲಲ್ಲೇ ಉತ್ತರಕ್ಕೆ ಹೋಗಿ 17ಕ್ಕೆ ಗುಜರಾತಿಗೆ ಬಡಿಯಿತು. ಟ್ಯಾಂಪಾ ಅಕ್ಕ ಹೆಲೀನ್ ಬಗ್ಗೆ ಹೇಳಿದ್ದು ಓದುವಾಗ ಅದೇ ನೆನಪಾಯಿತು. ದೂರದಲ್ಲಿ ಹೋದ ತೂಫಾನು ಅದು. ಆದರೂ ಇಲ್ಲಿ ಕಡಲ್ಕೊರೆತ ಏನು, ತೆಂಗಿನ ಮರ ಬುಡ ಸಮೇತ ಹೋದದ್ದೇನು! ನಾವು ದಕ್ಕೆಯಲ್ಲಿ ಬೋಟನ್ನು ಮೂರು ಹಗ್ಗದಲ್ಲಿ ಕಟ್ಟಿದ್ದೆವು. ಒಂದು ಹಗ್ಗ ಉಜ್ಜಿ ಉಜ್ಜಿ ನಾರು ನಾರಾಗಿ, ಕೊನೆಗೆ ಬೆರಳು ದಪ್ಪ ಉಳಿದಿತ್ತು. ರಾತ್ರಿ ಪೂರ್ತಿ ಅಪ್ಪ ಟಾರ್ಚ್ ಹಿಡಿದು ಅದನ್ನೇ ನೋಡುತ್ತಾ ಕೂತಿದ್ದರು.

ನಮಗೆ ಕೆಟಗರಿ ಗೊತ್ತಿಲ್ಲ. ಅಲೆ ಎಷ್ಟು ಎತ್ತರ, ಎಷ್ಟು ಹೊತ್ತು ಅನ್ನುವುದೇ ಗೊತ್ತಿರುವುದು.

ಹ್ಯೂಸ್ಟನ್_ಹಾಸನ

ನಿಮ್ಮ ಕೊನೆಯ ಸಾಲಿನಲ್ಲೇ ಅಕ್ಕನ ಎರಡನೇ ಪ್ರಶ್ನೆಗೆ ಉತ್ತರ ಇದೆ. ಈಗ ಅದಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ಇದು ನನಗೆ ತುಂಬ ಮುಖ್ಯ ಅನಿಸುವ ಭಾಗ.

ಕೆಟಗರಿ ಅಂದರೆ ಸಾಫಿರ್-ಸಿಂಪ್ಸನ್ ಅಳತೆ. ಅದು ಅಳೆಯುವುದು ಒಂದನ್ನೇ, ಇಡೀ ಚಂಡಮಾರುತದಲ್ಲಿ ಅತಿ ಜೋರಾದ ಗಾಳಿ ಎಷ್ಟು ಅಂತ. ಗಂಟೆಗೆ 119 ಕಿ.ಮೀ. ದಾಟಿದರೆ 1. 178 ದಾಟಿದರೆ 3. 252 ದಾಟಿದರೆ 5. ಆ ಗಾಳಿ 10 ಕಿ.ಮೀ. ಅಗಲದಲ್ಲಿದೆಯಾ 100 ಕಿ.ಮೀ. ಅಗಲದಲ್ಲಿದೆಯಾ ಅಂತ ಅದು ಹೇಳುವುದಿಲ್ಲ. ಮಳೆ ಎಷ್ಟು, ಕಡಲು ಎಷ್ಟು ಉಕ್ಕುತ್ತದೆ ಅನ್ನುವುದೂ ಅದರಲ್ಲಿಲ್ಲ. ಮಧ್ಯೆ ಒಂದು ಮಾತು. ನಮ್ಮ ಭಾರತೀಯ ಹವಾಮಾನ ಇಲಾಖೆಯ ಅಳತೆ ಬೇರೆ. ಅಮೆರಿಕದವರು 1 ನಿಮಿಷದ ಸರಾಸರಿ ಗಾಳಿ ತಗೊಂಡರೆ ನಮ್ಮವರು 3 ನಿಮಿಷದ್ದು ತಗೊಳ್ಳುತ್ತಾರೆ. ಹಾಗಾಗಿ ತೌಕ್ತೆ ಮತ್ತು ಮಿಲ್ಟನ್ ಅಂಕಿಗಳನ್ನು ಹಾಗೆಹಾಗೇ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ಮಿಲ್ಟನ್ ಇಳಿದದ್ದಕ್ಕೆ ಎರಡು ಕಾರಣ. ಮೊದಲನೆಯದು ಒಳಗಿನದು. ತುಂಬ ಬಲವಾದ ಚಂಡಮಾರುತದಲ್ಲಿ ಹಳೆಯ ಕಣ್ಣಿನ ಗೋಡೆಯ ಹೊರಗೆ ಇನ್ನೊಂದು ಗೋಡೆ ಎದ್ದು ನಿಲ್ಲುತ್ತದೆ. ಒಳಗೆ ಬರುವ ಬಿಸಿ ಆವಿಯನ್ನು ಈ ಹೊಸ ಗೋಡೆ ತಾನೇ ಹಿಡಿದುಕೊಳ್ಳುತ್ತದೆ. ಮೇಷ್ಟ್ರು ಮಂಡ್ಯದವರು, ಅವರಿಗೆ ಗೊತ್ತು. ಕಾಲುವೆಯ ಮೇಲಿನ ಗದ್ದೆಯವರು ನೀರು ತಿರುಗಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ಹಾಗೆ ಒಳಗಿನ ಗೋಡೆ ಸೊರಗಿ ಕುಸಿಯುತ್ತದೆ. ಗಾಳಿ ಇಳಿಯುತ್ತದೆ. ಆದರೆ ಈಗ ಕಣ್ಣು ದೊಡ್ಡದು, ಜೋರು ಗಾಳಿಯ ಹರಹು ಮೊದಲಿಗಿಂತ ಅಗಲ. 8ರ ಬೆಳಗಿನ ಜಾವ ಮಿಲ್ಟನ್ 4ಕ್ಕೆ ಇಳಿದದ್ದು ಹೀಗೆ. ಅದೇ ದಿನ ಮತ್ತೆ 5ಕ್ಕೆ ಏರಿತು.

ಎರಡನೆಯದು ಹೊರಗಿನದು. 9ರಂದು ಫ್ಲಾರಿಡಾ ಹತ್ತಿರ ಬರುವಾಗ ಮೇಲ್ಗಾಳಿ, ಒಣ ಗಾಳಿ ಎರಡೂ ಸಿಕ್ಕಿ 3ಕ್ಕೆ ಇಳಿಯಿತು. ಅದೇ ಹೊತ್ತಿಗೆ ಅಗಲಕ್ಕೆ ಹರಡಿತು. ಅಂದರೆ ಅಕ್ಕ, ಇಳಿದದ್ದು ಕಣ್ಣಿನ ಸುತ್ತಲ ಒಂದು ಉಂಗುರದ ಗಾಳಿ. ಉಳಿದ ಊರುಗಳಿಗೆ ತಟ್ಟುವ ಗಾಳಿ ಹೆಚ್ಚಾಗಿತ್ತು.

ಇದರ ದೊಡ್ಡ ಉದಾಹರಣೆ ಕತ್ರೀನಾ. 2005ರ ಆಗಸ್ಟ್ 28ರಂದು ಕಡಲಲ್ಲಿ ಕೆಟಗರಿ 5, ಗಂಟೆಗೆ 280 ಕಿ.ಮೀ. ಮರುದಿನ ದಡಕ್ಕೆ ಬಂದದ್ದು 3 ಆಗಿ. ಆದರೆ ಮಿಸಿಸಿಪ್ಪಿ ಕರಾವಳಿಯಲ್ಲಿ ಕಡಲು 8 ಮೀಟರಿಗೂ ಜಾಸ್ತಿ ಎತ್ತರಕ್ಕೆ ಉಕ್ಕಿತು. ಹಿಂದಿನ ದಿನ ಅಷ್ಟು ಅಗಲದ ಗಾಳಿ ನೂಕಿದ ನೀರು ಅದು. ಗಾಳಿ ಇಳಿಯಿತು ಅಂತ ಆ ನೀರು ವಾಪಸ್ ಹೋಗುತ್ತದಾ?

ಟ್ಯಾಂಪಾ_ಕನ್ನಡತಿ

ಈಗ ಅರ್ಥ ಆಯಿತು. ಅಮ್ಮನಿಗೆ ಇದನ್ನೇ ಓದಿ ಹೇಳುತ್ತೇನೆ.

ಆದರೆ ಒಂದು ವಿಚಿತ್ರ ನೋಡಿ. ಹೆಲೀನ್ ದೂರ ಹೋದರೂ ನಮ್ಮ ಮನೆಗೆ ನೀರು ನುಗ್ಗಿತು. ಮಿಲ್ಟನ್ ಹತ್ತಿರವೇ, ನಮ್ಮ ದಕ್ಷಿಣಕ್ಕಿರುವ ಸಿಯೆಸ್ಟಾ ಕೀ ಬಳಿ ಬಡಿಯಿತು. ಆದರೆ ಟ್ಯಾಂಪಾ ಕೊಲ್ಲಿಯ ನೀರು ಹಿಂದಕ್ಕೆ ಸರಿದುಹೋಗಿತ್ತು! ನಮ್ಮ ಮನೆಗೆ ಕಡಲ ನೀರು ಬರಲಿಲ್ಲ. ಮಳೆಯೇ ಹಾನಿ ಮಾಡಿದ್ದು.

ಮಂಡ್ಯ_ಮೇಷ್ಟ್ರು

ಇದಕ್ಕೆ ಒಂದು ಕಾಗದ ಸಾಕು. ಫ್ಲಾರಿಡಾದ ಪಶ್ಚಿಮ ಕರಾವಳಿಯನ್ನು ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ ಕಡಲು, ಬಲಗಡೆ ನೆಲ. ಗೆರೆಯ ಮೇಲೆ ಒಂದು ಚುಕ್ಕಿ ಇಡಿ, ಅದು ಕಣ್ಣು. ಅದರ ಸುತ್ತ ಅಪ್ರದಕ್ಷಿಣವಾಗಿ ಬಾಣ ಹಾಕಿ. ಚುಕ್ಕಿಯ ಮೇಲ್ಗಡೆ, ಅಂದರೆ ಉತ್ತರಕ್ಕೆ, ಬಾಣ ನೆಲದಿಂದ ಕಡಲಿಗೆ ಹೋಗುತ್ತದೆ. ಟ್ಯಾಂಪಾ ಇರುವುದು ಅಲ್ಲಿ. ನೀರನ್ನು ಆಚೆ ನೂಕಿತು. ಚುಕ್ಕಿಯ ಕೆಳಗಡೆ ಬಾಣ ಕಡಲಿಂದ ನೆಲಕ್ಕೆ. ವೆನಿಸ್, ಮನಾಸೋಟಾ ಕೀ ಇರುವುದು ಅಲ್ಲಿ. ಕಡಲು ನುಗ್ಗಿದ್ದು ಅವರಿಗೆ. ಆ ಚುಕ್ಕಿ ಇನ್ನೊಂದು ಐವತ್ತು ಅರುವತ್ತು ಕಿಲೋಮೀಟರ್ ಮೇಲೆ ಬಿದ್ದಿದ್ದರೆ ನಿಮ್ಮ ಕೊಲ್ಲಿಗೇ ನೀರು ತುಂಬುತ್ತಿತ್ತಮ್ಮ. ನೀವು ಹೊರಟುಹೋದದ್ದು ಸರಿಯಾದ ಕೆಲಸ.

ಇನ್ನು ಮಳೆ. ಅದಕ್ಕೆ ಗಾಳಿಯ ವೇಗಕ್ಕಿಂತ ಎಷ್ಟು ಆವಿ ಹೊತ್ತಿದೆ ಅನ್ನುವುದು ಮುಖ್ಯ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ಆವಿ ಹಿಡಿಯುತ್ತದೆ.

ಟ್ಯಾಂಪಾ_ಕನ್ನಡತಿ

ಹೌದು ಸಾರ್. ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 450 ಮಿ.ಮೀ. ದಾಟಿತ್ತು. ಅಲ್ಲಿನ ಬೇಸ್‌ಬಾಲ್ ಕ್ರೀಡಾಂಗಣದ ಚಾವಣಿ ಚಿಂದಿಚಿಂದಿಯಾಗಿ ಹಾರಿಹೋಯಿತು. ಇನ್ನೂ ಸಂಕಟದ ವಿಷಯ ಅಂದರೆ ಪೂರ್ವ ಕರಾವಳಿಯ ಸೇಂಟ್ ಲೂಸಿ ಕೌಂಟಿಯದ್ದು. ಮಿಲ್ಟನ್ ಇನ್ನೂ ಪಶ್ಚಿಮದ ದಡ ಮುಟ್ಟಿರಲೇ ಇಲ್ಲ. ಅದರ ಹೊರಗಿನ ಮೋಡಪಟ್ಟಿಯಿಂದ ಸುಂಟರಗಾಳಿ ಎದ್ದು ಅಲ್ಲಿ ವಯಸ್ಸಾದವರ ಬಡಾವಣೆಯೊಂದರಲ್ಲಿ ಆರು ಜನ ತೀರಿಕೊಂಡರು. ಅವರೆಲ್ಲ ತಾವು ದೂರ ಇದ್ದೇವೆ ಅಂದುಕೊಂಡಿದ್ದವರು.

ಬೆಂಗಳೂರು_ಬೈಕ್

ಇಷ್ಟೆಲ್ಲ ಗೊತ್ತಿದ್ದ ಮೇಲೆ ಮೊದಲೇ ಕರೆಕ್ಟಾಗಿ ಹೇಳಲು ಯಾಕೆ ಆಗುವುದಿಲ್ಲ? ತಡೆಯಲು ಆಗುವುದಿಲ್ವಾ?

ಹ್ಯೂಸ್ಟನ್_ಹಾಸನ

ಎಲ್ಲಿಗೆ ಹೋಗುತ್ತದೆ ಅಂತ ಈಗ ಚೆನ್ನಾಗಿ ಹೇಳುತ್ತಾರೆ. ದಾರಿ ತೋರಿಸುವುದು ಸಾವಿರಾರು ಕಿ.ಮೀ. ಹರಡಿದ ದೊಡ್ಡ ಗಾಳಿ, ಅದನ್ನು ಲೆಕ್ಕ ಹಾಕಬಹುದು. ಬಲ ಎಷ್ಟಾಗುತ್ತದೆ ಅನ್ನುವುದು ಕಷ್ಟ. ಅದು ಆರು ಕಿ.ಮೀ. ಅಗಲದ ಕಣ್ಣಿನ ಸುತ್ತ, ಒಂದೊಂದು ಮೋಡದೊಳಗೆ ನಡೆಯುವ ಕೆಲಸ. ಮಿಲ್ಟನ್ ಬೇಗ ಏರುತ್ತದೆ ಅಂತ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಮೊದಲೇ ಹೇಳಿತ್ತು. ಅದು ಏರಿದ್ದು ಅದಕ್ಕೂ ಮೀರಿ. 2023ರ ಅಕ್ಟೋಬರಿನಲ್ಲಿ ಮೆಕ್ಸಿಕೋದ ಅಕಪುಲ್ಕೋಗೆ ಬಡಿದ ಓಟಿಸ್ ಅಂತೂ ಘೋರ. ಒಂದು ದಿನ ಮುಂಚೆ ಬೆಳಿಗ್ಗೆ ಸಾಧಾರಣ ಬಿರುಗಾಳಿ. ಮರುದಿನ ನಡುರಾತ್ರಿ ದಾಟಿದ ಮೇಲೆ ಕೆಟಗರಿ 5 ಆಗಿ ಊರೊಳಗೆ. ಅಲ್ಲಿನವರಿಗೆ ಮೂಟೆ ಕಟ್ಟಲೂ ಸಮಯ ಸಿಗಲಿಲ್ಲ.

ತಡೆಯಲು 1962ರಿಂದ 1983ರವರೆಗೆ ಅಮೆರಿಕದಲ್ಲಿ ಸ್ಟಾರ್ಮ್‌ಫ್ಯೂರಿ ಅನ್ನುವ ಯೋಜನೆ ಇತ್ತು. ಮೋಡಕ್ಕೆ ಸಿಲ್ವರ್ ಅಯೋಡೈಡ್ ಬಿತ್ತಿ ಹೊರಗೊಂದು ಗೋಡೆ ಎಬ್ಬಿಸಿ ಗಾಳಿ ತಗ್ಗಿಸಬೇಕು ಅಂತ. ಒಂದೆರಡು ಸಲ ತಗ್ಗಿತು ಕೂಡ. ಆಮೇಲೆ ನೋಡಿದರೆ ಹೊರಗಿನ ಗೋಡೆ ಯಾರೂ ಬಿತ್ತದೆಯೂ ತಾನಾಗಿಯೇ ಏಳುತ್ತದೆ ಅಂತ ಗೊತ್ತಾಯಿತು. ನಾನು ಮೇಲೆ ಹೇಳಿದ ಕಾಲುವೆಯ ಕಥೆ ಚೆನ್ನಾಗಿ ಅರ್ಥವಾದದ್ದೇ ಆ ಸೋಲಿನಿಂದ.

ಮಲ್ಪೆ_ಬೋಟ್

2017ರ ಓಖಿ ಕೂಡ ಹೀಗೇ ಅಲ್ವಾ? ಬೇಗ ಬಲ ಏರಿ, ಕಡಲಿಗೆ ಹೋಗಿದ್ದ ಕೇರಳ, ತಮಿಳುನಾಡಿನ ಬೋಟಿನವರಿಗೆ ವಾಪಸ್ ಬರಲು ಆಗಲಿಲ್ಲ. ಎಷ್ಟೋ ಜನ ಇವತ್ತಿಗೂ ಬಂದಿಲ್ಲ. ನಮಗೆ ಆ ಭಯ ಹೋಗಿಲ್ಲ. ಅರಬ್ಬೀ ಕಡಲು ಮೊದಲಿನ ಹಾಗಿಲ್ಲ ಅಂತ ನಮ್ಮ ಹಿರಿಯರು ಹೇಳುವುದು ನಿಜವಾ?

ಹ್ಯೂಸ್ಟನ್_ಹಾಸನ

ನಿಜ ಅಣ್ಣ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. 2001ರಿಂದ 2019ರ ಅವಧಿಯಲ್ಲಿ ಅರಬ್ಬೀ ಕಡಲಿನ ಚಂಡಮಾರುತಗಳು ಅದಕ್ಕೂ ಹಿಂದಿನ ಎರಡು ದಶಕಕ್ಕಿಂತ 52 ಶೇಕಡಾ ಜಾಸ್ತಿ. ಬಂಗಾಳ ಕೊಲ್ಲಿಯಲ್ಲಿ ಸ್ವಲ್ಪ ಕಡಿಮೆಯೇ ಆಗಿದೆ. ನಮ್ಮ ಪಕ್ಕದ ಕಡಲು ಬೇಗ ಬಿಸಿಯಾಗುತ್ತಿದೆ. ದಯವಿಟ್ಟು ಹವಾಮಾನ ಇಲಾಖೆ ಕಡಲಿಗೆ ಇಳಿಯಬೇಡಿ ಅಂದ ದಿನ ಇಳಿಯಬೇಡಿ, ಆಗ ಆಕಾಶ ತಿಳಿಯಾಗಿದ್ದರೂ ಸರಿ.

ಶಿರಸಿ_ಪಿಯು_ಹುಡುಗಿ

ಒಂದು ಕೊನೆಯ ಪ್ರಶ್ನೆ. ಕಣ್ಣು 6 ಕಿ.ಮೀ., ವಾಯುಭಾರ ಇಷ್ಟು ಅಂತ ಕಡಲ ಮಧ್ಯೆ ಯಾರು ಹೋಗಿ ಅಳೆಯುತ್ತಾರೆ?

ಹ್ಯೂಸ್ಟನ್_ಹಾಸನ

ಮನುಷ್ಯರೇ ಹೋಗುತ್ತಾರೆ ತಂಗಿ, ವಿಮಾನದಲ್ಲಿ. ಕಣ್ಣಿನ ಗೋಡೆಯನ್ನು ಸೀಳಿಕೊಂಡು ಒಳಗೆ ಹೋಗಿ, ಇನ್ನೊಂದು ಕಡೆಯಿಂದ ಹೊರಬರುತ್ತಾರೆ. ಒಳಗಿಂದ ಚಿಕ್ಕ ಕೊಳವೆಯಂಥ ಉಪಕರಣ ಬೀಳಿಸುತ್ತಾರೆ. ಅದು ಪುಟ್ಟ ಪ್ಯಾರಾಚೂಟ್‌ನಲ್ಲಿ ಇಳಿಯುತ್ತಾ ಗಾಳಿ, ಬಿಸಿ, ತೇವ, ವಾಯುಭಾರ ಎಲ್ಲವನ್ನೂ ಕಳಿಸುತ್ತದೆ. 1943ರಲ್ಲಿ ಜೋಸೆಫ್ ಡಕ್‌ವರ್ತ್ ಅನ್ನುವ ಪೈಲಟ್ ಮೊದಲ ಸಲ ಬೇಕೆಂದೇ ಹರಿಕೇನಿನೊಳಗೆ ಹೋಗಿ ಬಂದರು. ಅಂದಿನಿಂದ ಇದು ನಡೆದುಬಂದಿದೆ.

ಪೀಟರ್ ಡಾಜ್ ಅಂತ ಒಬ್ಬರು ವಿಜ್ಞಾನಿ ಇದ್ದರು. ಬದುಕಿದ್ದಾಗ 386 ಸಲ ಕಣ್ಣಿನೊಳಗೆ ಹೋಗಿದ್ದವರು. 2023ರಲ್ಲಿ ತೀರಿಕೊಂಡರು. 2024ರ ಅಕ್ಟೋಬರ್ 8ರ ರಾತ್ರಿ ಅವರ ಜೊತೆ ಕೆಲಸ ಮಾಡಿದವರು ಅವರ ಚಿತಾಭಸ್ಮವನ್ನು ವಿಮಾನದಲ್ಲಿ ತೆಗೆದುಕೊಂಡು ಹೋಗಿ ಮಿಲ್ಟನ್‌ನ ಕಣ್ಣಿನಲ್ಲಿ ಬಿಟ್ಟರು. ಆ ಹಾರಾಟದ ಅಳತೆಗಳನ್ನು ಕಳಿಸಿದ ಸಂದೇಶದ ಕೊನೆಯಲ್ಲಿ ಅವರ ಹೆಸರು, ಜೊತೆಗೆ 387ನೇ ಸಲ ಅಂತ ಸೇರಿಸಿದ್ದರು.

ಟ್ಯಾಂಪಾ_ಕನ್ನಡತಿ

8ರ ರಾತ್ರಿ ನಾವು ಒರ್ಲ್ಯಾಂಡೋ ದಾರಿಯಲ್ಲಿ ಕಾರುಗಳ ಸಾಲಿನಲ್ಲಿ ನಿಂತಿದ್ದೆವು. ಮಗಳು ಫೋನಿನಲ್ಲಿ ಐದೈದು ನಿಮಿಷಕ್ಕೂ ನೋಡಿ "ಅಮ್ಮಾ, ಇನ್ನೂ 5ರಲ್ಲೇ ಇದೆ" ಅನ್ನುತ್ತಿದ್ದಳು. ಆ ಅಂಕಿ ಆ ವಿಮಾನದಿಂದ ಬರುತ್ತಿತ್ತು ಅಂತ ಇವತ್ತು ಗೊತ್ತಾಯಿತು. ಅವಳು ಸ್ಕೂಲಿಂದ ಬಂದ ಮೇಲೆ ಹೇಳುತ್ತೇನೆ.